ಎಲೆಯೇ ಗಿಡದ ಅಡುಗೆಮನೆ



ನಮ್ಮ ಅಡುಗೆ ಒಲೆಯ ಮೇಲೆ ಆಗುತ್ತೆ. ಗಿಡದ ಅಡುಗೆ ಎಲ್ಲಿ ಆಗುತ್ತೆ? ಎಲೆಯಲ್ಲಿ.

ಬೇರು ಮಣ್ಣಿನಿಂದ ನೀರು ಎಳೆದು ಕೊಡುತ್ತೆ. ಎಲೆಯಲ್ಲಿ ಬರಿಗಣ್ಣಿಗೆ ಕಾಣದ ಸಣ್ಣ ತೂತುಗಳಿವೆ. ಅವುಗಳಿಂದ ಗಾಳಿ ಒಳಗೆ ಹೋಗುತ್ತೆ. ನೀರು, ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡ್ – ಇವೆರಡೇ ಅಡುಗೆಯ ಸಾಮಾನು. ಉರಿ ಯಾವುದು? ಬಿಸಿಲು. ಬಿಸಿಲನ್ನು ಹಿಡಿಯುವುದು ಎಲೆಯ ಹಸಿರು. ಇದಕ್ಕೆ ಪತ್ರಹರಿತ್ತು ಎಂದು ಹೆಸರು. ಹೀಗೆ ಎಲೆಯಲ್ಲಿ ಸಕ್ಕರೆ ತಯಾರಾಗುತ್ತೆ. ಅದರಿಂದಲೇ ಕಾಂಡ, ಬೇರು, ಹೂವು, ಕಾಳು ಬೆಳೆಯುತ್ತವೆ.

ಎಲೆಗೆ ತಕ್ಕ ಅಡುಗೆ

ದಂಟಿನ ಸೊಪ್ಪಿನ ಎಲೆ ಮುಟ್ಟಿ ನೋಡಿ. ಅಗಲ, ತೆಳು. ಅಗಲ ಇದ್ದರೆ ಹೆಚ್ಚು ಬಿಸಿಲು ಸಿಗುತ್ತೆ. ತೆಳು ಇದ್ದರೆ ಬೆಳಕು, ಗಾಳಿ ಸುಲಭವಾಗಿ ಒಳಗೆ ತಲುಪುತ್ತೆ. ದಂಟು ಬೇಗ ಬೆಳೆಯಲು ಇದೂ ಒಂದು ಕಾರಣ. ಬಿತ್ತಿದ ಸುಮಾರು ಒಂದು ತಿಂಗಳಿಗೆ ಸೊಪ್ಪು ಸಾರಿಗೆ ಬರುತ್ತೆ. ಆದರೆ ನೀರು ಸಾಲದಿದ್ದರೆ ತೆಳು ಎಲೆ ಬೇಗ ಬಾಡುತ್ತೆ.

ಲೋಳೆಸರದ ಎಲೆ ದಪ್ಪ. ಅದರ ತುಂಬ ನೀರು. ಅದು ಹಗಲು ತೂತು ಮುಚ್ಚಿಕೊಂಡು ನೀರು ಉಳಿಸುತ್ತೆ. ರಾತ್ರಿ ತೂತು ತೆರೆದು ಗಾಳಿ ತೆಗೆದುಕೊಳ್ಳುತ್ತೆ. ಹಾಗಾಗಿ ನೀರಿಲ್ಲದ ಕಡೆಯೂ ಬದುಕುತ್ತೆ. ಬೆಳೆಯುವುದು ಮಾತ್ರ ನಿಧಾನ.

ಕೆಂಪು ದಂಟಿನ ಎಲೆಯಲ್ಲಿ ಹಸಿರು ಇಲ್ಲವೇ? ಇದೆ. ಕೆಂಪು ಬಣ್ಣ ಅದನ್ನು ಮರೆ ಮಾಡಿದೆ, ಅಷ್ಟೆ.

ನಾವು ಏನು ಮಾಡಬೇಕು?

ಸೊಪ್ಪು ಬಿಡಿಸುವಾಗ ಗಿಡವನ್ನು ಬೋಳು ಮಾಡಬೇಡಿ. ಅಡುಗೆಮನೆಯೇ ಹೋದರೆ ಹೊಸ ಚಿಗುರಿಗೆ ಊಟ ಎಲ್ಲಿಂದ ಬರಬೇಕು? ಕೆಲವು ಎಲೆ ಬಿಡಿ. ಗಿಡ ಮತ್ತೆ ಚಿಗುರುತ್ತೆ. ಮಕ್ಕಳ ತಟ್ಟೆಗೆ ಮತ್ತೆ ಸೊಪ್ಪು ಸಿಗುತ್ತೆ.

ಎಳೆ ಗಿಡದ ಕೆಳಗಿನ ಎಲೆಗಳು ಹಳದಿ ಆಗುತ್ತಿವೆಯೇ? ಮಣ್ಣಿನಲ್ಲಿ ಸಾರಜನಕ ಕಡಿಮೆ ಇರಬಹುದು. ಹಸಿರು ಕಡಿಮೆಯಾದರೆ ಅಡುಗೆಯೂ ಕಡಿಮೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಕಿ.

ರಾಗಿ ಹೊಲದಲ್ಲಿ ಕಳೆ ಎತ್ತರಕ್ಕೆ ಬೆಳೆದರೆ ಪೈರಿನ ಎಲೆಗೆ ನೆರಳು ಬೀಳುತ್ತೆ. ಉರಿ ತಗ್ಗುತ್ತೆ. ಮಣ್ಣಿನ ನೀರು, ಗೊಬ್ಬರವೂ ಕಳೆಯ ಪಾಲಾಗುತ್ತೆ. ಕಾಳು ಕಮ್ಮಿ ಬರುತ್ತೆ. ಬೆನ್ನು ಬಗ್ಗಿಸಿ ಕಳೆ ಕೀಳುವವರು ಹೆಚ್ಚಾಗಿ ನಾವು ಹೆಂಗಸರೇ. "ಕಳೆ ಕೀಳೋದೇನು ಮಹಾ ಕೆಲಸ?" ಅನ್ನುವವರೂ ಇದ್ದಾರೆ. ಅಂಥವರಿಗೆ ಈ ಪಾಠವನ್ನು ಗಟ್ಟಿಯಾಗಿ ಓದಿ ಹೇಳಿ.