ನಿಮಗಿದು ಗೊತ್ತೆ? ಬಿನ್ನಿ ಮಿಲ್ಲಿನ ಸುತ್ತಲ ಚೆನ್ನೈ

ಚೆನ್ನೈನ ಪೆರಂಬೂರಿನಲ್ಲಿ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದಿವೆ. ಬಿನ್ನಿ ಕಂಪನಿಯ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಎಂಬ ಎರಡು ಗಿರಣಿಗಳು 1920ರಲ್ಲಿ ಒಂದಾಗಿ 'ಬಿ ಅಂಡ್ ಸಿ ಮಿಲ್' ಆದವು. ಇಲ್ಲಿ ನೇಯ್ದ ಖಾಕಿ ಬಟ್ಟೆಗೆ ದೇಶದಾದ್ಯಂತ ಹೆಸರಿತ್ತು.

ಸುತ್ತಲಿನ ಬಡಾವಣೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಪೆರಂಬೂರಿನಲ್ಲಿ ರೈಲ್ವೆ ಕಾರ್ಯಾಗಾರವನ್ನು ನಂಬಿ ನೆಲೆಸಿದ ಆಂಗ್ಲೋ-ಇಂಡಿಯನ್ ಕುಟುಂಬಗಳು, ಲೂರ್ದು ಮಾತೆಯ ಚರ್ಚು. ವೇಪೇರಿ, ಚೂಳೈ ಕಡೆ ಹೋದರೆ ರಾಜಸ್ಥಾನಿ, ಗುಜರಾತಿ ಜೈನರ ಮನೆ, ಅಂಗಡಿ, ಬಸದಿಗಳು. ಪುಳಿಯಂತೋಪಿನಲ್ಲಿ ದಲಿತ ಕಾರ್ಮಿಕರ ಕೇರಿಗಳು.

1918ರ ಏಪ್ರಿಲ್ 27ರಂದು ಇಲ್ಲಿನ ಗಿರಣಿ ಕಾರ್ಮಿಕರಿಂದ ಹುಟ್ಟಿದ್ದು ಮದ್ರಾಸ್ ಲೇಬರ್ ಯೂನಿಯನ್. ಭಾರತದ ಮೊದಲ ಸಂಘಟಿತ ಕಾರ್ಮಿಕ ಸಂಘವೆಂದು ಇದನ್ನು ಗುರುತಿಸುತ್ತಾರೆ. ಅಧ್ಯಕ್ಷರಾಗಿದ್ದವರು ಪಾರ್ಸಿ ಸಮುದಾಯದ ಬಿ.ಪಿ. ವಾಡಿಯಾ, ತಮಿಳು ಸಾಹಿತಿ ತಿರು.ವಿ.ಕ. ಜೊತೆಗಿದ್ದರು. ಆದರೆ 1921ರ ಮುಷ್ಕರದಲ್ಲಿ ಸವರ್ಣೀಯ ಮತ್ತು ದಲಿತ ಕಾರ್ಮಿಕರು ಬೇರೆಬೇರೆಯಾದರು. ಪುಳಿಯಂತೋಪಿನ ಗಲಭೆಯಲ್ಲಿ ಗುಡಿಸಲುಗಳು ಸುಟ್ಟುಹೋದವು, ಪೊಲೀಸರ ಗುಂಡಿಗೆ ಜನ ಬಲಿಯಾದರು. ಸಂಘದ ಹಿರಿಮೆಯನ್ನು ಹೇಳುವಾಗ ಈ ಗಾಯವನ್ನೂ ಹೇಳಲೇಬೇಕು.

1990ರ ದಶಕದಲ್ಲಿ ಗಿರಣಿ ಮುಚ್ಚಿತು. ಖಾಲಿ ಶೆಡ್ಡುಗಳಲ್ಲಿ ಬಹಳ ಕಾಲ ಸಿನಿಮಾ ಚಿತ್ರೀಕರಣ ನಡೆಯಿತು.

ಬೆಂಗಳೂರಿನ ಬಿನ್ನಿಪೇಟೆಗೆ ಹೆಸರು ಬಂದದ್ದೂ ಇದೇ ಬಿನ್ನಿ ಕಂಪನಿಯಿಂದ. ಅಲ್ಲಿಯ ಗಿರಣಿ ಜಾಗದಲ್ಲೂ ಇಂದು ಅಪಾರ್ಟ್‌ಮೆಂಟು, ಮಾಲ್‌ಗಳಿವೆ.