ದ್ರಾಕ್ಷಾರಸ ಮಾಗಲು ಬಿಡಿ

ಕ್ರಿಸ್ಮಸ್ ಸಮೀಪಿಸಿದಂತೆ, ದ್ರಾಕ್ಷಾರಸವನ್ನು ಮನೆಯಲ್ಲೇ ಮಾಡಿದರಾಯಿತು ಎನ್ನುವವರು ನಮ್ಮಲ್ಲಿದ್ದಾರೆ. ಚನ್ನಪಟ್ಟಣದ ಹೆರಿಟೇಜ್ ವೈನರಿಯಂಥ ಕಡೆ ಇದು ತಾಳ್ಮೆಯ ಕೆಲಸ. ದ್ರಾಕ್ಷಿಯ ಸಕ್ಕರೆಯನ್ನು ಯೀಸ್ಟ್ ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತದೆ. ನೊರೆ ನಿಂತ ಮಾತ್ರಕ್ಕೆ ಕೆಲಸ ಮುಗಿಯದು. ಮಡ್ಡಿ ತಳಕ್ಕಿಳಿಯಬೇಕು, ತಿಳಿಯನ್ನು ಬೇರೆ ಪಾತ್ರೆಗೆ ಬಗ್ಗಿಸಬೇಕು, ಒಗರು ಹದವಾಗಲು ತಿಂಗಳುಗಳೇ ಬೇಕು. ಹುದುಗುವಿಕೆ ಮುಗಿಯುವ ಮುನ್ನ ಬಿಗಿಯಾಗಿ ಮುಚ್ಚಿದರೆ ಅನಿಲದ ಒತ್ತಡಕ್ಕೆ ಬಾಟಲಿ ಸಿಡಿದೀತು. ವಿದೇಶಗಳಲ್ಲಿ ಕಿಟ್ ತಂದು ಮಾಡುವ ಬಿಯರಿಗೂ ಬಾಟಲಿಯಲ್ಲಿ ಕೆಲವು ವಾರಗಳ ಕಾಯುವಿಕೆ ಅಗತ್ಯ.

ಆದರೆ ಒಂದು ಮಾತು ನೆನಪಿರಲಿ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಬ್ಬದ ಉತ್ಸಾಹದಲ್ಲಿ ಮನೆಯವರನ್ನು ತೊಂದರೆಗೆ ಸಿಲುಕಿಸದಿರೋಣ. ಪರವಾನಗಿ ಪಡೆದವರು ಮಾಗಿಸಿದ್ದನ್ನೇ ಕೊಂಡು, ಮಿತವಾಗಿ ಹಂಚಿಕೊಳ್ಳೋಣ.