ಟರ್ಕಿ ಗೂಡಿಗೆ ಹಳದಿ ಬಲ್ಬೇ ಬೇಕಿತ್ತು!

ಮಳೆಗಾಲದ ಕತ್ತಲೆ ಎಂಥದ್ದು ಎಂದು ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಒಳಗೆ ದೀಪ ಹಾಕಬೇಕು. ಇರಚಲು ಬಡಿಯಬಾರದೆಂದು ಕೋಳಿಗೂಡಿನ ಸುತ್ತ ಸೋಗೆ ತಟ್ಟಿ ಕಟ್ಟಿದರಂತೂ ಒಳಗೆ ರಾತ್ರಿಯೇ. ನನ್ನ ಟರ್ಕಿ ಹೇಂಟೆಗಳು ಮೊಟ್ಟೆ ಇಡಬೇಕಾದ್ದು ಸರಿಯಾಗಿ ಆ ಹೊತ್ತಿನಲ್ಲಿ.

ಲೆಕ್ಕ ಹೀಗಿದೆ. ನನ್ನ ಟರ್ಕಿಗೆ ಗಿರಾಕಿ ಬರುವುದು ಕ್ರಿಸ್‌ಮಸ್ಸಿಗೆ, ಅದೂ ಕಾರವಾರ, ಗೋವಾ ಕಡೆಯವರು. ಮರಿಗೆ ಐದು ತಿಂಗಳಾದರೆ ಮಾರುವ ಹದ. ಕಾವಿಗೆ 28 ದಿನ. ಹಿಂದಕ್ಕೆ ಎಣಿಸಿ ನೋಡಿ, ಜೂನ್‌ನಲ್ಲಿ ಮೊಟ್ಟೆ ಸಿಗಲೇಬೇಕು. ಆ ತಿಂಗಳು ತಪ್ಪಿದರೆ ವರ್ಷವೇ ತಪ್ಪಿತು. ಹತ್ತು ಗುಂಟೆ ಅಡಿಕೆಗೆ ಕೊಳೆ ಬಂದ ವರ್ಷ ಮನೆ ನಡೆಸಿದ್ದು ಈ ಹಕ್ಕಿಗಳೇ. ಹಾಗಾಗಿ ಇದು ಶೋಕಿಯ ಮಾತಲ್ಲ.

ಮೊದಲ ಎರಡು ವರ್ಷ ಗೂಡಿನಲ್ಲಿ ಹಳೇ 60 ವ್ಯಾಟಿನ ತಂತಿ ಬಲ್ಬ್ ಇತ್ತು. ಐದು ಹೇಂಟೆ, ಒಂದು ಹುಂಜ. ವಾರಕ್ಕೆ ಹದಿನೈದರ ಆಸುಪಾಸು ಮೊಟ್ಟೆ. 2021ರಲ್ಲಿ ಬಲ್ಬ್ ಸುಟ್ಟಿತು. ಕರೆಂಟ್ ಉಳೀಲಿ ಎಂದು 9 ವ್ಯಾಟಿನ ಬಿಳಿ ಎಲ್‌ಇಡಿ ಹಾಕಿದೆ. ಗೂಡು ಮೊದಲಿಗಿಂತ ಫಳಫಳ. ಮೊಟ್ಟೆ ಮಾತ್ರ ವಾರಕ್ಕೆ ಆರೇಳಕ್ಕೆ ಇಳಿಯಿತು. ಮೇವು ಅದೇ, ಚಿಪ್ಪಿನ ಪುಡಿ ಅದೇ. ಜಂತಿನ ಮದ್ದನ್ನೂ ಹಾಕಿ ನೋಡಿದೆ, ಏನೂ ಆಗಲಿಲ್ಲ.

ಯಲ್ಲಾಪುರದ ನನ್ನ ಭಾವ ಗಿರಿರಾಜ ಕೋಳಿ ಸಾಕಿ ಪಳಗಿದವರು. ಅವರೇ ಹೇಳಿದ್ದು: "ಬೆಳಕಿನ ಬಣ್ಣ ಬದಲಾಗಿದೆ ಮಾರಾಯಾ. ಕೋಳಿಗೆ ಕೆಂಪು ಬೆಳಕು ಬೇಕು."

ಕೇಳಿದ್ದನ್ನು ಅರ್ಧ ಮಾತ್ರ ತಲೆಗೆ ಹಾಕಿಕೊಂಡೆ. 2022ರ ಶಿರಸಿ ಮಾರಿಜಾತ್ರೆಯಿಂದ ಮಕ್ಕಳು ತಂದಿದ್ದ ಕೆಂಪು ಜಿಲೇಟಿನ್ ಕಾಗದ ಮನೆಯಲ್ಲಿತ್ತು. ಅದನ್ನೇ ಬಿಳಿ ಬಲ್ಬಿಗೆ ಎರಡು ಸುತ್ತು ಸುತ್ತಿದೆ. ಗೂಡು ಸಿನೆಮಾ ಟಾಕೀಸಿನಂತೆ ಆಯಿತು! ಮೊಟ್ಟೆ ಇನ್ನೂ ಕಡಿಮೆ. ಎರಡು ಹೇಂಟೆ ಕತ್ತಲ ಮೂಲೆ ಹಿಡಿದು ಕಾವಿಗೆ ಕೂತವು. ಮರಿ ಕೊಡ್ತೇನೆ ಎಂದು ಮುಂಗಡ ಹಿಡಿದವರಿಗೆಲ್ಲ ಹಣ ವಾಪಸು ಕೊಡಬೇಕಾಯಿತು.

ಆಮೇಲೆ ಪಶುವೈದ್ಯರೊಬ್ಬರು ಬಿಡಿಸಿ ಹೇಳಿದರು. ಹಕ್ಕಿ ಬೆಳಕನ್ನು ಕಣ್ಣಿನಿಂದ ಮಾತ್ರ ತಿಳಿಯುವುದಲ್ಲ. ಅದರ ಮಿದುಳಿನ ಒಳಗೇ ಬೆಳಕನ್ನು ಗುರುತಿಸುವ ಕೋಶಗಳಿವೆ. ತಲೆಬುರುಡೆ ದಾಟಿ ಅಲ್ಲಿಯವರೆಗೆ ಚೆನ್ನಾಗಿ ಇಳಿಯುವುದು ಕೆಂಪು ಬೆಳಕು. ನೀಲಿ, ಹಸಿರು ಅಷ್ಟು ಇಳಿಯುವುದಿಲ್ಲ. ಇಳಿದ ಬೆಳಕು ಅಂಡಾಶಯಕ್ಕೆ ಕೆಲಸ ಶುರುಮಾಡು ಎನ್ನುವ ರಸದೂತಗಳನ್ನು ಎಬ್ಬಿಸುತ್ತದೆ. ತಂತಿ ಬಲ್ಬಿನ ಬೆಳಕಿನಲ್ಲಿ ಕೆಂಪೇ ಹೆಚ್ಚು. ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಇಲ್ಲದ ಕೆಂಪನ್ನು ಕಾಗದ ಸುತ್ತಿ ತರಲು ಆಗುತ್ತದೆಯೇ? ಇದ್ದ ಬೆಳಕನ್ನೂ ನಾನೇ ತಡೆದಿದ್ದೆ.

ಎಲ್‌ಇಡಿಯೇ ಬೇಕೆಂದರೆ ಡಬ್ಬಿಯ ಮೇಲಿನ ಸಂಖ್ಯೆ ನೋಡಿ ಕೊಳ್ಳಿ. 6500 ಕೆ ಎಂದರೆ ಬಿಳಿ, 2700 ಕೆ ಎಂದರೆ ಹಳದಿ. 2023ರಲ್ಲಿ ಈ ಹಳದಿಯದನ್ನು ಎರಡು ತಂದು ಹಾಕಿದೆ. ಜೂನ್‌ನಲ್ಲಿ ವಾರಕ್ಕೆ ಹದಿಮೂರು, ಹದಿನಾಲ್ಕು ಮೊಟ್ಟೆ ಬಂತು. ಪೂರ್ತಿ ಬಲ್ಬಿನ ಪುಣ್ಯ ಎನ್ನಲಾರೆ, ಅಷ್ಟರಲ್ಲಿ ಮೂರು ಮುದಿ ಹೇಂಟೆ ಬದಲಿಸಿದ್ದೆ.

ಬಣ್ಣದಷ್ಟೇ ಮುಖ್ಯ ಬೆಳಕಿನ ಅವಧಿ. ಮೊಟ್ಟೆಯ ಟರ್ಕಿಗೆ ದಿನಕ್ಕೆ 14 ಗಂಟೆ ಬೆಳಕು ಬೇಕು. ನಮ್ಮಲ್ಲಿ ಅತಿ ಉದ್ದದ ಹಗಲೂ ಸುಮಾರು 13 ಗಂಟೆ, ಅದರಲ್ಲೂ ಮೋಡ. ನಾನು ಬೆಳಗಿನ ಜಾವ ನಾಲ್ಕೂವರೆಗೆ ಹಾಕಿ, ಸಂಜೆ ತಾನಾಗಿ ಕತ್ತಲಾಗಲು ಬಿಡುತ್ತೇನೆ. ರಾತ್ರಿ ಫಕ್ಕನೆ ಆರಿಸಿದರೆ ಹಕ್ಕಿಗಳು ಅಟ್ಟಣೆ ಏರಲಾಗದೆ ನೆಲದಲ್ಲೇ ಉಳಿಯುತ್ತವೆ. ಮಳೆ ಕವಿದ ದಿನ ಹಗಲಿಗೂ ಬಲ್ಬ್ ಇರಲಿ. ಗೂಡಿನಲ್ಲಿ ಕೂತು ಪೇಪರ್ ಓದುವಷ್ಟು ಬೆಳಕು ಸಾಕು. ಬಲ್ಬಿನ ಧೂಳು ಒರೆಸಿ. ಆದರೆ ಎಳೆಯ ಹೇಂಟೆಗೆ ಈ ಉಪಚಾರ ಬೇಡ. ಟರ್ಕಿ ಮೊಟ್ಟೆಗೆ ಬರುವುದೇ ಸುಮಾರು 30 ವಾರಕ್ಕೆ. ಅದಕ್ಕೂ ಬಹಳ ಮೊದಲೇ ಉದ್ದ ಬೆಳಕು ಕೊಟ್ಟರೆ ಸಣ್ಣ ಮೊಟ್ಟೆ ಇಡುತ್ತದೆ, ಗುದ ಹೊರಬರುವುದೂ ಉಂಟು.

ಬಿಲ್ಲಿನ ಚಿಂತೆ 2023ರ ಗೃಹಜ್ಯೋತಿಯಿಂದ ಸ್ವಲ್ಪ ಹಗುರಾಯಿತು. ಉಳಿದ ತಾಪತ್ರಯ ಕರೆಂಟಿನದೇ. ಮರ ಬಿದ್ದು ಲೈನ್ ಹೋದರೆ ಮೂರು ದಿನ ಇಲ್ಲ. ಬೆಳಕು ಹಾಗೆ ತುಂಡಾದರೆ ಹೇಂಟೆ ಮೊಟ್ಟೆ ನಿಲ್ಲಿಸಿ ಪುಕ್ಕ ಉದುರಿಸಲು ಹೊರಡುತ್ತದೆ. ಸೋಲಾರ್ ದೀಪ ಹಾಕೋಣವೆಂದು ಶಿರಸಿಯಲ್ಲಿ ನಾಲ್ಕು ಅಂಗಡಿ ಸುತ್ತಿದೆ. ಸಿಕ್ಕಿದ್ದೆಲ್ಲ ಬಿಳಿಯದೇ. ಹಳದಿ ಬೆಳಕಿನ ಸೋಲಾರ್ ಬಲ್ಬ್ ಎಲ್ಲಿ ಸಿಗುತ್ತದೆಂದು ಗೊತ್ತಿದ್ದವರು ದಯವಿಟ್ಟು ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ, ಜೂನ್‌ಗೆ ಮೊದಲು.